ಸಂಶೋಧನೆ ಮರಳಿ ಮನೆಗೆ ಬರಲಿ

(ಅಣ್ಣಿಗೇರಿಯಲ್ಲಿ ನಡೆದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಔಷಧಶಾಸ್ತ್ರ, ವೈದ್ಯಕೀಯ ಮತ್ತು ಶಿಕ್ಷಣ ಕ್ಷೇತ್ರಗಳಲ್ಲಿ ವಿಶ್ವವಿದ್ಯಾಲಯಗಳು ನಡೆಸುವ ಸಂಶೋಧನೆಯ ಕುರಿತು ಮಾತನಾಡಬೇಕೆಂದು ಸಂಘಟಕರು ನಮಗೆ ಸೂಚಿಸಿದ್ದಾರೆ. ಈ ವಿಷಯವನ್ನು ಕೇಳಿದೊಡನೆ ಇದು ದೊಡ್ಡ ನಗರದವರ, ದೊಡ್ಡ ಪದವಿಯವರ ಮಾತು, ನಮ್ಮ ಮನೆಗೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಅನೇಕರಿಗೆ ಅನಿಸಿರಬಹುದು. ಆದುದರಿಂದ ನಿಮ್ಮ ಊರಿನ ಹೊಲದಿಂದಲೇ ಮಾತನ್ನು ಆರಂಭಿಸುತ್ತೇವೆ.

ಈ ಊರಿನ ಹೆಸರನ್ನು ಹೊತ್ತ ಕಡಲೆಯ ತಳಿಯೊಂದಿದೆ. 'ಅಣ್ಣಿಗೇರಿ-1' ಎಂದರೆ ಉತ್ತರ ಕರ್ನಾಟಕದ ಯಾವ ರೈತನಿಗೂ ವಿವರಿಸಿ ಹೇಳಬೇಕಾಗಿಲ್ಲ. ಹಲವು ದಶಕಗಳಿಂದ ಎರೆ ಭೂಮಿಯ ಹಿಂಗಾರಿ ಬೆಳೆಯಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಇಲ್ಲಿನ ನೆಲಕ್ಕೆ ಹೊಂದಿಕೊಂಡಿದ್ದ ಕಡಲೆಯಲ್ಲಿ ಉತ್ತಮವಾದುದನ್ನು ಆರಿಸಿ ಬೆಳೆಸಿದವರು ಕೃಷಿ ಸಂಶೋಧಕರು. ಕಾಲಕ್ರಮೇಣ ಈ ತಳಿಗೆ ಸೊರಗು ರೋಗ ತಗುಲತೊಡಗಿತು. ಆಗ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಮೊದಲಾದ ಸಂಸ್ಥೆಗಳ ವಿಜ್ಞಾನಿಗಳು ರೋಗವನ್ನು ತಡೆಯಬಲ್ಲ ಇನ್ನೊಂದು ತಳಿಯ ಗುಣವನ್ನು ಇದರೊಳಗೆ ತಂದು 'ಸೂಪರ್ ಅಣ್ಣಿಗೇರಿ-1' ಎಂಬ ತಳಿಯನ್ನು ರೂಪಿಸಿದರು. ಇದು 2019ರಲ್ಲಿ ಪ್ರಕಟವಾಯಿತು.

ಇಲ್ಲಿ ಗಮನಿಸಬೇಕಾದುದೇನು? ಪ್ರಶ್ನೆ ಹುಟ್ಟಿದ್ದು ಹೊಲದಲ್ಲಿ, ಉತ್ತರ ಹುಡುಕಿದ್ದು ಪ್ರಯೋಗಾಲಯದಲ್ಲಿ. ಕೊನೆಗೆ ಆ ಉತ್ತರವು ಬೀಜದ ರೂಪದಲ್ಲಿ ಹೊಲಕ್ಕೇ ಮರಳಿತು. ಸಂಶೋಧನೆ ಎಂದರೆ ಇಷ್ಟೇ. ಅದು ಜನರಿಂದ ಹೊರಟು ಜನರಿಗೆ ಮರಳಿ ಬರಬೇಕು. ಕಡಲೆಯ ವಿಷಯದಲ್ಲಿ ಸಾಧ್ಯವಾದ ಈ ಪಯಣವು ಮನುಷ್ಯರ ಕಾಯಿಲೆ, ಮನುಷ್ಯರ ಔಷಧ ಮತ್ತು ಮಕ್ಕಳ ಕಲಿಕೆಯ ವಿಷಯದಲ್ಲಿಯೂ ಪೂರ್ಣಗೊಳ್ಳುತ್ತಿದೆಯೇ? ಇದೇ ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಅಜ್ಜಿಯ ಹೆಬ್ಬೆಟ್ಟು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಈ ನಾಲ್ಕು ತಾಲೂಕುಗಳ ಬಡವನಿಗೆ ಕಾಯಿಲೆ ಹೆಚ್ಚಾದರೆ ಅವನು ಕೊನೆಗೆ ಸೇರುವುದು ಹುಬ್ಬಳ್ಳಿಯನ್ನು. 1957ರಲ್ಲಿ ಆರಂಭವಾದ ಅಲ್ಲಿನ ಸರಕಾರಿ ವೈದ್ಯಕೀಯ ಕಾಲೇಜನ್ನು ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಖಾಸಗಿ ವೈದ್ಯಕೀಯ ಕಾಲೇಜಿದೆ, ದಂತವೈದ್ಯಕೀಯ ಕಾಲೇಜಿದೆ, ಫಾರ್ಮಸಿ ಕಾಲೇಜುಗಳಿವೆ. 1950ರಲ್ಲಿ ಧಾರವಾಡಕ್ಕೆ ಬಂದು ನೆಲೆಯೂರಿದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಎಂ.ಡಿ. ಮಾಡುವವರು, ಎಂ.ಫಾರ್ಮ್ ಮಾಡುವವರು ಪದವಿ ಪಡೆಯಬೇಕಾದರೆ ಪ್ರಬಂಧ ಬರೆಯಲೇಬೇಕು. ಶಿಕ್ಷಣ ವಿಭಾಗದಲ್ಲಿ ಪಿಎಚ್.ಡಿ. ಮಾಡುವವರು ಶಾಲೆಗಳಿಗೆ ಹೋಗಿ ಮಾಹಿತಿ ಕಲೆಹಾಕಲೇಬೇಕು. ಈ ಪ್ರಬಂಧಗಳಲ್ಲಿರುವ ಅಂಕಿಗಳೆಲ್ಲ ಯಾರದು? ವಾರ್ಡಿನಲ್ಲಿ ಮಲಗಿದ ನಮ್ಮ ತಂದೆಯದು, ಚೀಟಿ ಹಿಡಿದು ಸರತಿಯಲ್ಲಿ ನಿಂತ ನಮ್ಮ ತಾಯಿಯದು, ಉರ್ದು ಶಾಲೆಯ ಕೊನೆಯ ಸಾಲಿನಲ್ಲಿ ಕುಳಿತ ನಮ್ಮ ಮಗುವಿನದು. ವಿಶ್ವವಿದ್ಯಾಲಯದೊಂದಿಗೆ ನಮಗೆ ಸಂಬಂಧವೇ ಇಲ್ಲವೆಂದು ನಾವು ಭಾವಿಸಿದ್ದರೂ ಅದರ ಪ್ರಬಂಧಗಳಲ್ಲಿ ನಾವು ಎಂದೋ ಸೇರಿಹೋಗಿದ್ದೇವೆ.

ನಮ್ಮ ಮನೆಯ ಒಂದು ಘಟನೆಯನ್ನು ಹೇಳಲು ಅನುಮತಿಯಿರಲಿ. ಅನೇಕ ವರ್ಷಗಳ ಹಿಂದಿನ ಮಾತು. ಸಂಸ್ಥೆಯೊಂದರ ವಿದ್ಯಾರ್ಥಿಗಳು ನಮ್ಮ ಮೊಹಲ್ಲಾಕ್ಕೆ ಬಂದರು. ಅದರ ಹೆಸರು ಇಲ್ಲಿ ಬೇಡ. ಮನೆ ಮನೆಗೆ ಹೋಗಿ ಹಿರಿಯರ ತೂಕ ನೋಡಿದರು, ರಕ್ತದೊತ್ತಡ ಅಳೆದರು, ರಕ್ತದ ಮಾದರಿ ತೆಗೆದರು. ನಮ್ಮ ಅಜ್ಜಿಯ ಮುಂದೆ ಒಂದು ಹಾಳೆ ಹಿಡಿದು, "ಅಮ್ಮಾ, ಇಲ್ಲೊಂದು ಹೆಬ್ಬೆಟ್ಟು ಒತ್ತರಿ, ನಮ್ಮ ಕಾಲೇಜಿನ ಕೆಲಸ ಅದ" ಎಂದರು. ಓದುವ ಮಕ್ಕಳೆಂಬ ಮಮತೆಯಿಂದ ಅಜ್ಜಿ ಹೆಬ್ಬೆಟ್ಟು ಒತ್ತಿದರು, ಚಹಾ ಕುಡಿಸಿ ಕಳುಹಿಸಿದರು. ಅವರು ಮತ್ತೆ ಬರಲಿಲ್ಲ. ಎರಡು ವರ್ಷಗಳ ನಂತರ ಅಜ್ಜಿಯ ಕಾಲಿನ ಹುಣ್ಣು ಮಾಯದೇ ಹೋದಾಗ ಪರೀಕ್ಷಿಸಿದ ವೈದ್ಯರು, ಸಕ್ಕರೆ ಕಾಯಿಲೆ ಬಹಳ ಹಿಂದೆಯೇ ಬಂದಿರಬೇಕು ಎಂದರು. ಅಂದು ತೆಗೆದ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೆಂಬುದು ಯಾವುದೋ ಪ್ರಬಂಧದ ಯಾವುದೋ ಕೋಷ್ಟಕದಲ್ಲಿ ಸೇರಿದ್ದಿರಬೇಕು. ನಮಗೆ ಮಾತ್ರ ಯಾರೂ ಹೇಳಲಿಲ್ಲ. ಹಾಳೆಯಲ್ಲಿ ಏನು ಬರೆದಿದೆಯೆಂದು ನಾವೂ ಕೇಳಲಿಲ್ಲ. ತಪ್ಪು ಎರಡೂ ಕಡೆ ಇತ್ತು.

ಆ ವಿದ್ಯಾರ್ಥಿಗಳನ್ನು ದೂರುವ ಉದ್ದೇಶದಿಂದ ಇದನ್ನು ಹೇಳುತ್ತಿಲ್ಲ. ಅಂಕಿಯನ್ನು ಒಯ್ಯುವ ದಾರಿಯಿದ್ದು ಅರಿವನ್ನು ತಂದುಕೊಡುವ ದಾರಿಯಿಲ್ಲದಿದ್ದರೆ ಆಗುವ ನಷ್ಟ ಎಂತಹದೆಂದು ತಿಳಿಸಲಷ್ಟೇ ಹೇಳಿದ್ದೇವೆ.

ಬೆಳಗಾವಿಯ ಹಳ್ಳಿಗಳು ಲೋಕಕ್ಕೆ ಕಲಿಸಿದ್ದು

ಹಾಗಾದರೆ ಸಂಶೋಧನೆ ಎಂದರೆ ಶೋಷಣೆಯೇ? ಖಂಡಿತ ಅಲ್ಲ. ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಲ್ಲಿ ನಡೆದ ಒಂದು ಕೆಲಸವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ತಾಯಿ ಪ್ರಾಣ ಬಿಡುವುದು ನಮ್ಮ ಹಿಂದಿನ ತಲೆಮಾರಿಗೆ ಹೊಸ ಸಂಗತಿಯಾಗಿರಲಿಲ್ಲ. ಇಂದಿಗೂ ಜಗತ್ತಿನಲ್ಲಿ ವರ್ಷಕ್ಕೆ ಹತ್ತಾರು ಸಾವಿರ ತಾಯಂದಿರು ಈ ಕಾರಣದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇದನ್ನು ತಡೆಯಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದಿದೆ. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರು ಬೇಕು. ವಿದ್ಯುತ್ ಇಲ್ಲದ ಹಳ್ಳಿಯ ಮನೆಯಲ್ಲಿ, ನಡುರಾತ್ರಿಯ ಹೆರಿಗೆಯಲ್ಲಿ ಇವೆರಡೂ ಎಲ್ಲಿಂದ ಬರಬೇಕು?

ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯೊಂದಿದೆ. ಮೊದಲು ಅದು ಬಳಕೆಗೆ ಬಂದದ್ದು ಹೊಟ್ಟೆಯ ಹುಣ್ಣಿಗೆ. ಗರ್ಭಕೋಶವನ್ನು ಬಿಗಿಗೊಳಿಸುವ ಗುಣವೂ ಅದಕ್ಕಿದೆ. ಅಗ್ಗದ ಗುಳಿಗೆ, ತಂಪಿನಲ್ಲಿಡಬೇಕಾಗಿಲ್ಲ, ಬಾಯಿಯಿಂದ ನುಂಗಿದರೆ ಸಾಕು. ಇದನ್ನು ಹಳ್ಳಿಯ ಹೆರಿಗೆಯಲ್ಲಿ, ವೈದ್ಯರಿಲ್ಲದ ಕಡೆ, ಊರಿನವರು ಸಿಸ್ಟರ್ ಎಂದು ಕರೆಯುವ ಆರೋಗ್ಯ ಸಹಾಯಕಿಯ ಕೈಯಿಂದಲೇ ಕೊಡಿಸಿದರೆ ತಾಯಂದಿರ ಪ್ರಾಣ ಉಳಿದೀತೇ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಸಂಶೋಧಕರೊಂದಿಗೆ ಸೇರಿ ಈ ಪ್ರಶ್ನೆಯನ್ನು ಎತ್ತಿಕೊಂಡರು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1620 ತಾಯಂದಿರು ಇದರಲ್ಲಿ ಭಾಗವಹಿಸಿದರು. ಅವರಲ್ಲಿ 812 ಮಂದಿಗೆ ಈ ಗುಳಿಗೆ, 808 ಮಂದಿಗೆ ನೋಡಲು ಅದರಂತೆಯೇ ಇದ್ದ, ಔಷಧದ ಅಂಶವಿಲ್ಲದ ಗುಳಿಗೆ. ಯಾರಿಗೆ ಯಾವುದು ಬಂತೆಂಬುದು ಕೊಟ್ಟವರಿಗೂ ತಿಳಿದಿರಲಿಲ್ಲ, ತೆಗೆದುಕೊಂಡವರಿಗೂ ತಿಳಿದಿರಲಿಲ್ಲ.

ಹೀಗೇಕೆ ಮಾಡಬೇಕೆಂದು ನೀವು ಕೇಳಬಹುದು. ಹೋಲಿಸಿ ನೋಡದ ಹೊರತು ಗುಣವಾದದ್ದು ಔಷಧದಿಂದಲೋ ತಾನಾಗಿಯೋ ಎಂದು ತಿಳಿಯುವುದು ಅಸಾಧ್ಯ. ಈ ಆಲೋಚನೆ ನಮಗೆ ಪರಕೀಯವಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಬೂಬಕ್ರ್ ಅಲ್‌ರಾಝಿ ಎಂಬ ವೈದ್ಯರು ಮಿದುಳಿನ ಉರಿಯೂತದ ಲಕ್ಷಣಗಳಿದ್ದ ರೋಗಿಗಳಲ್ಲಿ ಕೆಲವರಿಗೆ ರಕ್ತ ತೆಗೆದು, ಇನ್ನು ಕೆಲವರಿಗೆ ಬೇಕೆಂದೇ ತೆಗೆಯದೆ ಬಿಟ್ಟು, ವ್ಯತ್ಯಾಸವನ್ನು ಗಮನಿಸಿದ್ದನ್ನು ಬರೆದಿಟ್ಟಿದ್ದಾರೆ.

ಬೆಳಗಾವಿಯ ಫಲಿತಾಂಶ ಏನಾಯಿತು? ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ಶೇ. 12 ಮಂದಿಗೆ ಅತಿಯಾದ ರಕ್ತಸ್ರಾವವಾಯಿತು. ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಅದು ಶೇ. 6.4ಕ್ಕೆ ಇಳಿಯಿತು. ಅಪಾಯಕಾರಿ ಮಟ್ಟದ ರಕ್ತಸ್ರಾವ ಶೇ. 1.2ರಿಂದ ಶೇ. 0.2ಕ್ಕೆ ಇಳಿಯಿತು. ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬರ ಅತಿಸ್ರಾವ ತಪ್ಪುತ್ತದೆಂದು ಲೆಕ್ಕ ಸಿಕ್ಕಿತು. ಕೆಲವರಿಗೆ ಸ್ವಲ್ಪ ಹೊತ್ತು ಚಳಿ ಜ್ವರ ಬಂದದ್ದನ್ನೂ ಅವರು ಮುಚ್ಚಿಡದೆ ಬರೆದರು. 2006ರಲ್ಲಿ ಇದು 'ಲ್ಯಾನ್ಸೆಟ್' ಎಂಬ ಪ್ರಖ್ಯಾತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಹಿಂದಿದ್ದ ಪುರಾವೆಗಳಲ್ಲಿ ಕನ್ನಡ, ಮರಾಠಿ, ಉರ್ದು ಮಾತನಾಡುವ ಹಳ್ಳಿಗಳ ತಾಯಂದಿರ ಈ ಪುರಾವೆಯೂ ಒಂದು.

ಈ ಕೆಲಸದಲ್ಲಿ ನಮ್ಮ ಮೂರೂ ಕ್ಷೇತ್ರಗಳು ಸೇರಿರುವುದನ್ನು ಗಮನಿಸಿರಿ. ತಂಪಿಲ್ಲದೆ ಉಳಿಯುವ ಗುಳಿಗೆ ಯಾವುದೆಂಬುದು ಔಷಧಶಾಸ್ತ್ರದ ಪ್ರಶ್ನೆ. ರಕ್ತಸ್ರಾವ ಎಷ್ಟಾಯಿತೆಂಬುದು ವೈದ್ಯಕೀಯದ ಪ್ರಶ್ನೆ. ಕಣ್ಣಂದಾಜಿನಲ್ಲಿ ಹೇಳಿದರೆ ರಕ್ತದ ಪ್ರಮಾಣ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯೇ ತೋರುತ್ತದೆಂದು ಬೆಳಗಾವಿಯವರೇ ಕಂಡುಕೊಂಡರು. ಅದಕ್ಕಾಗಿ ಅಳತೆಯ ಗೆರೆಗಳಿರುವ, ಚೀಲದಂತೆ ಕೆಳಗಿಳಿಯುವ ಪ್ಲಾಸ್ಟಿಕ್ ಹಾಳೆಯೊಂದನ್ನು ತಯಾರಿಸಿದರು. ಇನ್ನು ಹಳ್ಳಿಯ ಸಿಸ್ಟರುಗಳಿಗೆ ಗುಳಿಗೆಯನ್ನು ಯಾವಾಗ ಕೊಡಬೇಕು, ಹೇಗೆ ಅಳೆಯಬೇಕು, ಯಾವಾಗ ಆಸ್ಪತ್ರೆಗೆ ಕಳುಹಿಸಬೇಕು ಎಂದು ಕಲಿಸಿದ್ದು ಶಿಕ್ಷಣದ ಕೆಲಸ. ಒಂದು ಕೊಂಡಿ ಕಳಚಿದ್ದರೂ ಫಲಿತಾಂಶ ಶೂನ್ಯವಾಗುತ್ತಿತ್ತು.

2001-03ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿದಿದೆ. ಈ ಇಳಿಕೆಯನ್ನು ಒಂದು ಗುಳಿಗೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆಸ್ಪತ್ರೆಯ ಹೆರಿಗೆ ಹೆಚ್ಚಿದ್ದು, ಆಶಾ ಕಾರ್ಯಕರ್ತೆಯರು ಬಂದದ್ದು, 108 ಆಂಬುಲೆನ್ಸ್ ಬಂದದ್ದು ಎಲ್ಲವೂ ಕಾರಣ. ತಾಯಂದಿರಿಗೆ ಇನ್ನೊಂದು ಮಾತನ್ನೂ ಒತ್ತಿ ಹೇಳಬೇಕು. ಇದೇ ಗುಳಿಗೆಯನ್ನು ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತಂದು ಸ್ವಂತ ನಿರ್ಧಾರದಿಂದ ನುಂಗಿದರೆ ಜೀವಕ್ಕೇ ಅಪಾಯ. ಪರೀಕ್ಷಿಸಿದ ಔಷಧವೂ ತಿಳಿದವರ ಕೈಯಲ್ಲಿದ್ದಾಗಲೇ ಔಷಧ.

ಮಸೀದಿಯವರೆಗೆ ಹೋದ ಒಂದು ಚಿಟಿಕೆ ಉಪ್ಪು

ಮೂರು ಕೊಂಡಿಗಳಲ್ಲಿ ಶಿಕ್ಷಣವನ್ನು ನಾವು ಕಡೆಗಣಿಸುವುದೇ ಹೆಚ್ಚು. ಅದರ ಬಲ ಎಷ್ಟೆಂದು ತಿಳಿಯಲು ನೆರೆಯ ಬಾಂಗ್ಲಾದೇಶದ ಅನುಭವ ನೋಡೋಣ.

1971ರ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತು. ನರಕ್ಕೆ ಏರಿಸುವ ಸಲೈನ್ ಮುಗಿಯತೊಡಗಿತು. ಡಾ. ದಿಲೀಪ್ ಮಹಾಲನಬೀಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್, ಸೋಡಾಗಳನ್ನು ನೀರಿನಲ್ಲಿ ಕಲಸಿ, ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಸಕ್ಕರೆಯ ಅಂಶವಿದ್ದಾಗ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆಂಬುದು ಅದಾಗಲೇ ಢಾಕಾ ಮತ್ತು ಕಲಕತ್ತೆಗಳ ಸಂಶೋಧನೆಯಿಂದ ತಿಳಿದಿತ್ತು. ಶೇ. 30ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗೆ ಇಳಿಯಿತು. ಇಂದು ನಾವು ಓಆರ್‌ಎಸ್ ಎಂದು ಕರೆಯುವುದು ಇದನ್ನೇ.

ಆದರೆ ಔಷಧ ಸಿದ್ಧವಾದ ಮಾತ್ರಕ್ಕೆ ಮನೆ ಮನೆಯ ಮಗು ಬದುಕುವುದಿಲ್ಲ. 1980ರಿಂದ 1990ರವರೆಗೆ ಬ್ರ್ಯಾಕ್ ಎಂಬ ಸಂಸ್ಥೆಯ ಮಹಿಳಾ ಕಾರ್ಯಕರ್ತೆಯರು ಬಾಂಗ್ಲಾದೇಶದ ಸುಮಾರು 1.2 ಕೋಟಿ ಮನೆಗಳಿಗೆ ನಡೆದುಹೋದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಓದು ಬಾರದ ತಾಯಿಗೂ ನೆನಪಿರುವಂತೆ ಇದನ್ನು ಕಲಿಸಿದರು. ಆ ಕಾರ್ಯಕರ್ತೆಯರ ಸಂಬಳವು ಎಷ್ಟು ಮನೆ ಸುತ್ತಿದರು ಎಂಬುದರ ಮೇಲೆ ನಿರ್ಧಾರವಾಗುತ್ತಿರಲಿಲ್ಲ. ಬೇರೆಯವರು ನಂತರ ಹೋಗಿ ಕೇಳಿದಾಗ ತಾಯಿಯ ನೆನಪಿನಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ ನಿರ್ಧಾರವಾಗುತ್ತಿತ್ತು. ಕಲಿಸುವುದರ ಅಳತೆ ಕಲಿತದ್ದೇ ಹೊರತು ಕಲಿಸಿದ್ದಲ್ಲ ಎಂಬುದನ್ನು ನಮ್ಮ ಶಾಲೆ, ಮದ್ರಸಗಳ ಶಿಕ್ಷಕರೂ ಗಮನಿಸಬೇಕು.

ಇಷ್ಟಾದರೂ ಮೊದಮೊದಲು ತಾಯಂದಿರು ಕಲಿತದ್ದನ್ನು ಬಳಸುತ್ತಿರಲಿಲ್ಲ. ಏಕೆ? ಅದನ್ನೂ ಸಂಶೋಧಿಸಿದರು. ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ, ಆದ್ದರಿಂದ ಅವರಿಗೆ ನಂಬಿಕೆಯಿರಲಿಲ್ಲ. ಆಗ ಪುರುಷರನ್ನು ಸಂತೆಗಳಲ್ಲಿ, ಮಸೀದಿಗಳಲ್ಲಿ ಸೇರಿಸಿ ವಿವರಿಸಲಾಯಿತು. ಮಸೀದಿಯ ಅಂಗಳವು ವಿಜ್ಞಾನವನ್ನು ಮನೆಗೆ ತಲುಪಿಸುವ ಸೇತುವೆಯಾಯಿತು. ನಮ್ಮ ಮಸೀದಿ ಸಮಿತಿಗಳು ಇದನ್ನು ಯೋಚಿಸಲಿ.

ಒಪ್ಪಿಗೆ ಎಂದರೇನು?

ಇನ್ನೊಂದು ಮುಖವನ್ನೂ ನೋಡದಿದ್ದರೆ ಮಾತು ಅಪೂರ್ಣವಾದೀತು. 2009-10ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನಲ್ಲಿಯೂ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಹದಿಹರೆಯದ ಹೆಣ್ಣುಮಕ್ಕಳಿಗೆ ನೀಡಿ ಅಧ್ಯಯನ ನಡೆಸಲಾಯಿತು. ಏಳು ಬಾಲಕಿಯರ ಸಾವಿನ ಸುದ್ದಿ ಬಂದ ಮೇಲೆ 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲವೆಂದು ತನಿಖೆ ಹೇಳಿತು. ಆದುದರಿಂದ ಲಸಿಕೆಯ ಬಗ್ಗೆ ಭಯ ಹುಟ್ಟಿಸಲು ಈ ಘಟನೆಯನ್ನು ಬಳಸುವವರ ಮಾತಿಗೆ ಕಿವಿಗೊಡಬೇಡಿರಿ. ತನಿಖೆಯಲ್ಲಿ ಹೊರಬಂದ ದೋಷ ಬೇರೆಯದು. ಅನೇಕ ಬಡ, ಆದಿವಾಸಿ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದವರು ತಂದೆತಾಯಿಗಳಾಗಿರಲಿಲ್ಲ, ವಸತಿನಿಲಯದ ವಾರ್ಡನ್‌ಗಳೂ ಮುಖ್ಯೋಪಾಧ್ಯಾಯರೂ ಆಗಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯು ಇದನ್ನು ಕಟುವಾಗಿ ಟೀಕಿಸಿತು.

ಅನಂತರ ಕಾನೂನು ಬಿಗಿಯಾಯಿತು. ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಾವಳಿ 2019ರಲ್ಲಿ ಬಂದಿತು. ಇಂದು ಸಂಶೋಧನೆಯಲ್ಲಿ ಭಾಗವಹಿಸುವ ಪ್ರತಿಯೊಬ್ಬನಿಗೂ ಕೆಲವು ಹಕ್ಕುಗಳಿವೆ. ತನಗೆ ಅರ್ಥವಾಗುವ ಭಾಷೆಯಲ್ಲಿ ವಿವರಣೆ ಕೇಳುವ ಹಕ್ಕಿದೆ. ಬೇಡ ಎನ್ನುವ ಹಕ್ಕಿದೆ. ಮೊದಲು ಒಪ್ಪಿ ನಡುವೆ ಬಿಟ್ಟುಬರುವ ಹಕ್ಕಿದೆ. ಹಾಗೆ ಬಿಟ್ಟರೂ ಅವನ ಚಿಕಿತ್ಸೆ ನಿಲ್ಲಕೂಡದು. ಓದು ಬಾರದವರಾದರೆ ಸಂಬಂಧವಿಲ್ಲದ ಮೂರನೆಯ ವ್ಯಕ್ತಿಯೊಬ್ಬ ಸಾಕ್ಷಿಯಾಗಿ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೇಳಬಹುದು. ಹೆಬ್ಬೆಟ್ಟು ಒತ್ತುವ ಕ್ಷಣದಲ್ಲಿ ನಮ್ಮ ಅಜ್ಜಿಗೆ ಇದೊಂದೂ ತಿಳಿದಿರಲಿಲ್ಲ. ನಿಮ್ಮ ಮನೆಯ ಹಿರಿಯರಿಗೆ ತಿಳಿದಿರಲಿ.

ಪ್ರಶ್ನೆ ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ಈಗ ಆತ್ಮವಿಮರ್ಶೆಗೆ ಬರೋಣ. ನಾವು ಸಂಶೋಧನೆಯ ವಸ್ತುವಾಗಿದ್ದೇವೆ, ಸಂಶೋಧಕರಾಗಿದ್ದೇವೆಯೇ? 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇ. 14.2. 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ವಿದ್ಯಾರ್ಥಿಗಳ ಪೈಕಿ ನಮ್ಮ ಪಾಲು ಶೇ. 4.6. ಹಿಂದಿನ ವರ್ಷ ಅದು ಶೇ. 5.5 ಇತ್ತು. ಏರಬೇಕಾದದ್ದು ಆ ವರ್ಷ ಇಳಿಯಿತು. ಅಲ್ಪಸಂಖ್ಯಾತ ಸಮುದಾಯಗಳ ಎಂ.ಫಿಲ್., ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸಿರುವುದಾಗಿ ಕೇಂದ್ರ ಸರಕಾರವು 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಇತರ ಯೋಜನೆಗಳೊಂದಿಗೆ ಇದು ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಪ್ರಮಾಣ ಇಷ್ಟು ಕಡಿಮೆಯಿರುವ ಹೊತ್ತಿನಲ್ಲಿ ಆಸರೆಯನ್ನು ತೆಗೆಯುವುದು ಯಾವ ನೀತಿ? ಇದನ್ನು ಕೇಳುವುದು ನಮ್ಮ ಪ್ರಜಾಸತ್ತಾತ್ಮಕ ಹಕ್ಕು, ಕೇಳುತ್ತಿರಬೇಕು.

ಆದರೆ ಎಲ್ಲ ಹೊಣೆಯನ್ನೂ ಸರಕಾರದ ಹೆಗಲಿಗೆ ಹೊರಿಸಿ ಸುಮ್ಮನಾಗುವುದು ಸಲ್ಲದು. ಮದುವೆಯ ಶಾಮಿಯಾನಕ್ಕೆ ಸಾಲ ಮಾಡುವ ನಾವು ಮಗಳ ಸ್ನಾತಕೋತ್ತರ ಓದಿಗೆ 'ಇಷ್ಟು ಸಾಕು' ಎನ್ನುತ್ತೇವೆ. ಮಗ ಬಿ.ಫಾರ್ಮ್ ಮುಗಿಸಿದರೆ ಮೆಡಿಕಲ್ ಅಂಗಡಿ ಇಡಿಸಲು ಅವಸರ ಪಡುತ್ತೇವೆ. ಅಂಗಡಿ ಬೇಡವೆನ್ನುವುದಿಲ್ಲ. ಆದರೆ ಊರಿಗೊಬ್ಬನಾದರೂ ಈ ಔಷಧ ಹೇಗೆ ಕೆಲಸ ಮಾಡುತ್ತದೆಂದು ಕೇಳುವವನು ಬೇಡವೇ? ಸರ್ಪಗಂಧದ ಬೇರು ನಮ್ಮ ಹಕೀಮರಿಗೂ ವೈದ್ಯರಿಗೂ ಎಂದಿನಿಂದಲೋ ತಿಳಿದಿತ್ತು. ಹಕೀಮ್ ಅಜ್ಮಲ್ ಖಾನರು ತಮ್ಮ ದಿಲ್ಲಿಯ ತಿಬ್ಬಿಯಾ ಕಾಲೇಜಿನ ಸಂಶೋಧನೆಗಾಗಿ ಸಲೀಮುಝ್ಝಮಾನ್ ಸಿದ್ದೀಕಿ ಎಂಬ ರಸಾಯನ ವಿಜ್ಞಾನಿಯನ್ನು ಕರೆಸಿಕೊಂಡರು. ಆ ಬೇರಿನಿಂದ ಸಿದ್ದೀಕಿಯವರು 1931ರಲ್ಲಿ ಬೇರ್ಪಡಿಸಿದ ವಸ್ತುವಿಗೆ ಹಕೀಮರ ನೆನಪಿನಲ್ಲಿ 'ಅಜ್ಮಲೀನ್' ಎಂದು ಹೆಸರಾಯಿತು. ಹೃದಯದ ಬಡಿತದ ಒಂದು ವಿಶಿಷ್ಟ ದೋಷವನ್ನು ಪತ್ತೆಹಚ್ಚಲು ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. ಹಕೀಮರು ಪರಂಪರೆಯನ್ನು ಹೊಗಳುತ್ತ ಕುಳಿತುಕೊಳ್ಳದೆ ಅದನ್ನು ಪರೀಕ್ಷೆಗೆ ಒಡ್ಡಿದರು.

ಮದ್ರಸದಲ್ಲಿ ಓದಿದ ನಮಗೆ ಸನದಿನ ಮಹತ್ವ ಗೊತ್ತು. ಒಂದು ಹದೀಸನ್ನು ಸ್ವೀಕರಿಸುವ ಮುನ್ನ ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಅವರ ನೆನಪು ಎಂತಹದು, ಪ್ರಾಮಾಣಿಕತೆ ಎಂತಹದು ಎಂದು ಕೊಂಡಿ ಕೊಂಡಿಯಾಗಿ ತೂಗಿ ನೋಡಿದ ವಿದ್ವಾಂಸರ ಪರಂಪರೆ ನಮ್ಮದು. ನಂತರ ಕಲಾ ಪದವಿಗೆಂದು ಕಾಲೇಜಿಗೆ ಹೋದಾಗ ನಮಗೆ ಸಂಶೋಧನೆಯ ವಿಧಾನವು ಅಪರಿಚಿತವೆನಿಸಲಿಲ್ಲ. ಬೇಸರವೆನಿಸಿದ್ದು ಬೇರೊಂದು. ಹಣ ಕೊಟ್ಟರೆ ಪ್ರಬಂಧ ಬರೆದುಕೊಡುವವರಿದ್ದಾರೆ, ಒಬ್ಬರದನ್ನು ನಕಲು ಮಾಡಿ ಹೆಸರು ಬದಲಿಸುವವರಿದ್ದಾರೆ. ಸುಳ್ಳು ಸನದಿನ ಮಾತನ್ನು ಒಪ್ಪದ ಸಮುದಾಯವು ಸುಳ್ಳು ಪ್ರಬಂಧದ ಪದವಿಯನ್ನು ಸಂಭ್ರಮಿಸಬಾರದು. ಔಷಧದ ವಿಷಯದಲ್ಲಿ ಸುಳ್ಳು ಅಂಕಿಯೆಂದರೆ ಎಲ್ಲೋ ಒಬ್ಬ ರೋಗಿಯ ಪ್ರಾಣ.

ನಾಲ್ಕು ಊರು, ನಾಲ್ಕು ಪ್ರಶ್ನೆ

ವಿದ್ಯಾರ್ಥಿಗಳೇ, ಯಾವ ವಿಷಯದ ಮೇಲೆ ಸಂಶೋಧನೆ ಮಾಡಲಿ ಎಂದು ನೀವು ಮಾರ್ಗದರ್ಶಕರನ್ನು ಕೇಳುತ್ತೀರಿ. ಮೊದಲು ನಿಮ್ಮ ಊರನ್ನು ಕೇಳಿರಿ.

ನವಲಗುಂದದಲ್ಲಿ ಜಮಖಾನೆ ನೇಯುವ ನಮ್ಮ ತಾಯಂದಿರಿದ್ದಾರೆ. ಅವರ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ದಿನವಿಡೀ ಮಗ್ಗದ ಮುಂದೆ ಕುಳಿತ ಆ ಬೆನ್ನು, ಆ ಕಣ್ಣು, ಹತ್ತಿಯ ಧೂಳು ಕುಡಿದ ಆ ಶ್ವಾಸಕೋಶಗಳ ಸ್ಥಿತಿ ಏನು? ಕುಂದಗೋಳದ ಮೆಣಸಿನಕಾಯಿ, ಹತ್ತಿಯ ಹೊಲಗಳಲ್ಲಿ ಎಣ್ಣೆ ಹೊಡೆದು ಬಂದ ಕೂಲಿಯವನು ಸಂಜೆ ತಲೆ ತಿರುಗುತ್ತದೆಂದು ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತರುತ್ತಾನೆ. ಆ ತಲೆಸುತ್ತಿಗೆ ಆ ಗುಳಿಗೆ ಸರಿಯಾದ ಮದ್ದೇ? ಫಾರ್ಮಸಿ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ?

ಕಲಘಟಗಿಯ ಕಾಡಂಚಿನ ಗದ್ದೆಗಳಿಗೆ ಬನ್ನಿರಿ. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹಾವು ಕಚ್ಚಿ ಸತ್ತಿದ್ದಾರೆಂಬುದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಪ್ರತಿವಿಷ ತಯಾರಿಸಲು ಬಳಸುವ ವಿಷವನ್ನು ಹೆಚ್ಚಾಗಿ ತಮಿಳುನಾಡಿನಲ್ಲಿ ಸಂಗ್ರಹಿಸಲಾಗುತ್ತದೆ. ಪ್ರದೇಶ ಬದಲಾದಂತೆ ಅದೇ ಜಾತಿಯ ಹಾವಿನ ವಿಷವೂ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. 2024ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಔಷಧ ಯಾವುದು, ಚಿಕಿತ್ಸೆ ಎಲ್ಲಿ, ಮಂತ್ರ ತಾಯತಕ್ಕೆ ಓಡುವವನನ್ನು ಆಸ್ಪತ್ರೆಗೆ ತಿರುಗಿಸುವುದು ಹೇಗೆ? ಮೂರೂ ಕ್ಷೇತ್ರಗಳ ಪ್ರಶ್ನೆಗಳು ಒಂದೇ ಗದ್ದೆಯ ಬದುವಿನ ಮೇಲೆ ನಿಂತಿವೆ.

ಇನ್ನು ಈ ಅಣ್ಣಿಗೇರಿ. ಕನ್ನಡದ ಆದಿಕವಿ ಪಂಪನ ನಂಟಿರುವ ಊರು. ಇಲ್ಲಿನ ನಮ್ಮ ಮಗು ಮನೆಯಲ್ಲಿ ದಖನಿ ಮಾತನಾಡುತ್ತದೆ, ಬೀದಿಯಲ್ಲಿ ಧಾರವಾಡದ ಕನ್ನಡ ಮಾತನಾಡುತ್ತದೆ, ಪುಸ್ತಕದಲ್ಲಿ ಬೇರೆಯೇ ಕನ್ನಡ ಅಥವಾ ಬೇರೆಯೇ ಉರ್ದು ಓದುತ್ತದೆ. ಈ ಮಗು ಪ್ರಶ್ನೆಗೆ ಉತ್ತರಿಸದಿದ್ದಾಗ ಅದಕ್ಕೆ ವಿಷಯ ತಿಳಿದಿಲ್ಲವೋ, ಪ್ರಶ್ನೆಯ ಭಾಷೆ ತಿಳಿದಿಲ್ಲವೋ? ಇದನ್ನು ಹೊರಗಿನಿಂದ ಬಂದವರಿಗಿಂತ ಆ ಮನೆಯಿಂದಲೇ ಬಂದ ಸಂಶೋಧಕಿ ಚೆನ್ನಾಗಿ ಅರಿಯಬಲ್ಲಳು.

ಕೊನೆಯದಾಗಿ ಮೂರು ವಿನಂತಿ. ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿನಂತಿ ಇದು: ನೀವು ಯಾವ ಊರಿನಿಂದ ಅಂಕಿ ಒಯ್ಯುತ್ತೀರೋ ಆ ಊರಿಗೆ ಫಲಿತಾಂಶವನ್ನು ಕನ್ನಡದಲ್ಲಿ, ಬೇಕಾದಲ್ಲಿ ಉರ್ದುವಿನಲ್ಲಿ, ಒಂದು ಪುಟದಷ್ಟಾದರೂ ಮರಳಿಸಿರಿ. ರಕ್ತ ಪರೀಕ್ಷಿಸಿದವರ ವರದಿಯನ್ನು ಅವರ ಕೈಗೆ ಕೊಡಿರಿ. ಮಸೀದಿ ಸಮಿತಿಗಳಲ್ಲಿ ವಿನಂತಿ ಇದು: ಜುಮಾ ನಂತರದ ಹತ್ತು ನಿಮಿಷವನ್ನು ತಿಂಗಳಿಗೊಮ್ಮೆಯಾದರೂ ಊರಿನ ವೈದ್ಯರಿಗೆ, ಆರೋಗ್ಯ ಕೇಂದ್ರದವರಿಗೆ ಕೊಡಿರಿ. ಪಾಲಕರಲ್ಲಿ ವಿನಂತಿ ಇದು: ಮನೆಗೆ ಯಾರಾದರೂ ಹಾಳೆ ಹಿಡಿದು ಬಂದರೆ ಬಾಗಿಲು ಮುಚ್ಚಬೇಡಿರಿ, ಕಣ್ಣು ಮುಚ್ಚಿ ಸಹಿಯನ್ನೂ ಹಾಕಬೇಡಿರಿ. ಇದು ಯಾವುದಕ್ಕಾಗಿ, ನಮಗೆ ಇದರಿಂದ ಏನಾಗುತ್ತದೆ, ಫಲಿತಾಂಶವನ್ನು ಯಾವಾಗ ತಿಳಿಸುತ್ತೀರಿ ಎಂಬ ಮೂರು ಮಾತುಗಳನ್ನು ಕೇಳಿ, ತೃಪ್ತಿಯಾದರೆ ಮನಃಪೂರ್ವಕ ಸಹಕರಿಸಿರಿ. ಬೆಳಗಾವಿಯ ಆ 1620 ತಾಯಂದಿರು ಬಾಗಿಲು ಮುಚ್ಚಿದ್ದರೆ ಲೋಕಕ್ಕೆ ಆ ತಿಳಿವಳಿಕೆ ದೊರೆಯುತ್ತಿರಲಿಲ್ಲ.

ನಮ್ಮ ಅಜ್ಜಿ ಈಗ ಇಲ್ಲ. ಅವರು ಕೊಟ್ಟ ರಕ್ತದಿಂದ ಯಾವನೋ ಒಬ್ಬ ವಿದ್ಯಾರ್ಥಿ ಒಳ್ಳೆಯ ವೈದ್ಯನಾಗಿದ್ದರೆ ಅವರು ಸಂತೋಷವನ್ನೇ ಪಡುತ್ತಿದ್ದರು. ಈ ಸಭೆಯಲ್ಲಿ ಕುಳಿತ ಹುಡುಗಿಯರಲ್ಲಿ ಒಬ್ಬಳು ಮುಂದೆ ಹೀಗೆಯೇ ಹಾಳೆ ಹಿಡಿದು ಯಾವುದೋ ಮೊಹಲ್ಲಾದ ಬಾಗಿಲಿಗೆ ಹೋಗುವಂತಾಗಲಿ, ಮತ್ತು ಫಲಿತಾಂಶದೊಂದಿಗೆ ಎರಡನೆಯ ಸಲವೂ ಅದೇ ಬಾಗಿಲಿಗೆ ಹೋಗುವಂತಾಗಲಿ ಎಂದು ಪ್ರಾರ್ಥಿಸುತ್ತ ನಮ್ಮ ಮಾತುಗಳನ್ನು ಮುಗಿಸುತ್ತೇವೆ.

ವಸ್ಸಲಾಮ್.